ನೂರೈದು ಕುದುರೆಯ ಜೀಪು, ಒಂದು ತಂಬಿಟ್ಟಿನ ದೀಪ

ಶಪಥ ಮಾಡುವುದಕ್ಕೆ ಹಿಂದಿನವರಿಗೆ ರಾಜಸಭೆ ಸಿಗುತ್ತಿತ್ತು, ರಣರಂಗ ಸಿಗುತ್ತಿತ್ತು. ಚಿಕ್ಕಜಾಲದ ಮುನಿಶಾಮಪ್ಪನವರಿಗೆ ಸಿಕ್ಕಿದ್ದು ಹೆಬ್ಬಾಳದ ಫ್ಲೈಓವರ್. ಅದೂ ಬೆಳಿಗ್ಗೆ ಒಂಬತ್ತೂವರೆಗೆ, ಏರುವ ಕಡೆಯಲ್ಲಿ, ಕಣ್ಣು ಹಾಯುವಷ್ಟು ದೂರ ಹಾರ್ನು ಹೊಡೆಯುತ್ತಾ ನಿಂತ ಜನವನ್ನೆಲ್ಲ ಸಾಕ್ಷಿಗೆ ಇಟ್ಟುಕೊಂಡು.

ಆರ್.ಟಿ. ನಗರದಲ್ಲಿ ಒಂದು ನಾಮಕರಣ. ಮುನಿಶಾಮಪ್ಪನವರು, ಅವರ ಹೆಂಡತಿ ಲಕ್ಕಮ್ಮನವರು ಇಬ್ಬರೂ ಜೀಪಿನಲ್ಲಿ ಹೊರಟಿದ್ದರು. ಜೀಪು ಅಂದರೆ ಈಗಿನದಲ್ಲ. ಮುನಿಶಾಮಪ್ಪನವರ ಅಪ್ಪ ದ್ರಾಕ್ಷಿ ತೋಟ ಇದ್ದ ಕಾಲದಲ್ಲಿ ಮಿಲಿಟರಿ ಹರಾಜಿನಲ್ಲಿ ಹಿಡಿದದ್ದು. ದ್ರಾಕ್ಷಿ ಹೋಯಿತು, ತೋಟದ ಮೇಲೆ ರಸ್ತೆ ಬಂತು, ರಸ್ತೆಯ ಮೇಲೆ ವಿಮಾನಕ್ಕೆ ಹೋಗುವವರು ಬಂದರು. ಜೀಪು ಮಾತ್ರ ಹಾಗೇ ಉಳಿಯಿತು. ಪ್ರತಿ ಭಾನುವಾರ ಮುನಿಶಾಮಪ್ಪನವರು ಅದಕ್ಕೆ ತಾವೇ ಸ್ನಾನ ಮಾಡಿಸುತ್ತಾರೆ. ಹೆತ್ತ ಮಕ್ಕಳಿಗೆ ಒಂದು ದಿನವೂ ತಲೆ ಒರೆಸಿದವರಲ್ಲ ಎಂದು ಲಕ್ಕಮ್ಮನವರ ದೂರು. ಅದಿರಲಿ, ಫ್ಲೈಓವರಿಗೆ ಬರೋಣ.

ನೆತ್ತಿಗೆ ಇನ್ನು ಇಪ್ಪತ್ತು ಮಾರು ಇದೆ ಎನ್ನುವಾಗ ಜೀಪು ಎರಡು ಸಲ ಕೆಮ್ಮಿತು, ಒಂದು ಸಲ ಸೀನಿತು, ನಿಂತೇ ಹೋಯಿತು. ಪಕ್ಕದಲ್ಲಿ ಒಂದು ದೊಡ್ಡ ಬಿಳಿ ಕಾರು ಮೆಲ್ಲಗೆ ಬಂದು ಗಾಜು ಇಳಿಸಿತು. ಒಳಗಿನಿಂದ ತಣ್ಣನೆ ಗಾಳಿ ಬಂತು, ಅದರ ಹಿಂದೆ ಲಕ್ಕಮ್ಮನವರ ತಮ್ಮ ನಾಗಭೂಷಣನ ಮುಖ ಬಂತು. ನಾಗಭೂಷಣ ಬಿಲ್ಡರ್. ಅವನ ಮಾತಿನಲ್ಲಿ ಯಾವಾಗಲೂ ಹೊಸ ಪೇಂಟಿನ ವಾಸನೆ.

"ಭಾವ, ತಳ್ಬೇಕಾ?"

"ಬೇಡ. ಒಸಿ ದಣಿವಾರಿಸ್ಕೊಳ್ತೈತೆ."

"ಅಲ್ಲ ಭಾವ, ಬರೋ ತಿಂಗ್ಳು ಸಪ್ಪಲಮ್ಮನ ದೀಪ ಇದೆಯಲ್ಲ. ಈ ಸಲ ಅಕ್ಕ ನನ್ ಕಾರಲ್ಲೇ ಬರ್ಲಿ ಬಿಡಿ. ದೇವ್ರ ಕೆಲ್ಸ. ಹಿಂಗೆ ದಾರೀಲಿ ನಿಂತ್ಬಿಟ್ರೆ ಚೆನ್ನಾಗಿರಲ್ಲ."

ಗಾಜು ಏರಿತು. ಕಾರು ಹೋಯಿತು. ಮುನಿಶಾಮಪ್ಪನವರ ಮೀಸೆ ಮಾತ್ರ ಅಲ್ಲೇ ನಿಂತು ನಡುಗಿತು.

ಇಷ್ಟಕ್ಕೆಲ್ಲ ನಡುಗಬೇಕಾ ಅಂತೀರಿ. ದೀಪದ ವಿಷಯ ಗೊತ್ತಿದ್ದರೆ ಹಾಗೆ ಅನ್ನುವುದಿಲ್ಲ. ಲಕ್ಕಮ್ಮನವರ ತವರು ಚಿಕ್ಕಜಾಲದಿಂದ ಒಳದಾರಿಯಲ್ಲಿ ಮೂರು ಕಿಲೋಮೀಟರು. ಆ ಊರಿನ ಸಪ್ಪಲಮ್ಮನಿಗೆ ವರ್ಷಕ್ಕೊಂದು ಮಂಗಳವಾರ, ಮದುವೆಯಾಗಿ ಹೋದ ಹೆಣ್ಣುಮಕ್ಕಳು ತಂಬಿಟ್ಟಿನ ದೀಪ ತರಬೇಕು. ಅಕ್ಕಿಹಿಟ್ಟು ಬೆಲ್ಲ ಕಲಸಿ ಗೋಪುರದ ಹಾಗೆ ಕಟ್ಟಿ, ನೆತ್ತಿಯಲ್ಲಿ ಗುಳಿ ಮಾಡಿ, ತುಪ್ಪ ಹುಯ್ದು ಬತ್ತಿಯಿಟ್ಟು, ಗಂಡನ ಮನೆಯ ದೇವರ ದೀಪದಿಂದ ಹಚ್ಚಿಕೊಂಡು ಹೊರಡುವುದು. ದಾರಿಯಲ್ಲಿ ಆರಬಾರದು. ಆರಿದರೆ ಮನೆಗೇ ವಾಪಸ್ಸು ಬಂದು ಮತ್ತೆ ಹಚ್ಚಿಕೊಳ್ಳಬೇಕು. ಹೊತ್ತು ಮುಳುಗುವುದರೊಳಗೆ ಗುಡಿ ಮುಟ್ಟಬೇಕು. ಅಲ್ಲಿಯವರೆಗೆ ಲಕ್ಕಮ್ಮನವರ ತಾಯಿ ದ್ರೌಪದಮ್ಮ, ಎಂಬತ್ತಾರು ವರ್ಷದ ಜೀವ, ಒಂದು ಗುಟುಕು ಕಾಫಿಯನ್ನೂ ಮುಟ್ಟುವುದಿಲ್ಲ. ಕಾಫಿ ಬೀಳದ ದ್ರೌಪದಮ್ಮನ ಎದುರು ಅವತ್ತು ಸಪ್ಪಲಮ್ಮನೇ ಸ್ವಲ್ಪ ಹುಷಾರಾಗಿರುತ್ತಾಳಂತೆ.

ಮದುವೆಯಾದ ವರ್ಷದಿಂದ ಹಿಡಿದು ಮೂವತ್ತೆಂಟು ವರ್ಷ ಆ ದೀಪ ಹೋಗಿದ್ದು ಮುನಿಶಾಮಪ್ಪನವರ ಜೀಪಿನಲ್ಲೇ. ಒಂದು ಸಲವೂ ಆರಿಲ್ಲ. ಅದು ಡ್ರೈವರಿನ ಕೈಗುಣವೆಂದು ಡ್ರೈವರು ಮೂವತ್ತೆಂಟು ವರ್ಷವೂ ನಂಬಿಕೊಂಡಿದ್ದರು. ಆ ಕೆಲಸ ಈಗ ಬಾಮೈದನ ಎಸಿ ಕಾರಿನ ಪಾಲಾಗುವುದೇ?

"ಲಕ್ಕೂ, ಕೇಳಿಸ್ಕೊ," ಎಂದರು ಮುನಿಶಾಮಪ್ಪನವರು, ಸ್ಟೇರಿಂಗಿನ ಮೇಲೆ ಕೈಯಿಟ್ಟು. "ಈ ಸಲಾನೂ ದೀಪ ಈ ಜೀಪಲ್ಲೇ ಓಗ್ತದೆ. ನಿನ್ ತಮ್ಮ ಹಿಂದೆ, ನಾನು ಮುಂದೆ. ಇದಕ್ಕೆ ಒಸಾ ಎಂಜಿನ್ ಕೂರಿಸ್ದೆ ಇದ್ರೆ ನಾನು ಮುನಿಶಾಮಪ್ಪನೇ ಅಲ್ಲ."

"ಆಗ್ಲಿ," ಎಂದರು ಲಕ್ಕಮ್ಮನವರು. "ಈಗ ಇಳಿದು ತಳ್ಳಿ. ಆ ಮಗೂಗೆ ಮದ್ವೆ ಆಗೋದ್ರೊಳ್ಗೆ ನಾಮಕರಣಕ್ಕೆ ಓಗೋಣ."

ಮನೆಗೆ ಬಂದ ಮೇಲೂ ಮಾತು ಅದೇ.

"ಆ ಎಂಜಿನ್‌ಗೆ ಏನಾಗೈತೆ ಅಂತ?"

"ವಯಸ್ಸಾಗೈತೆ."

"ನಿಮ್ಗೂ ಆಗೈತೆ. ಮೆಟ್ಲು ಅತ್ತೋವಾಗ ನೀವೂ ನಡುವೆ ನಿಂತು ಕೆಮ್ತೀರ. ನಾನೇನ್ ಬದ್ಲಾಯಿಸೋಕೆ ಓದ್ನಾ?"

ಮುನಿಶಾಮಪ್ಪನವರು ಎರಡು ಲೋಟ ಮಜ್ಜಿಗೆ ಕುಡಿದು ಯಲಹಂಕಕ್ಕೆ ಹೊರಟರು.

ಯಲಹಂಕದ ಹಳೇ ಊರಿನಲ್ಲಿ ಜಾಫರನ ಗ್ಯಾರೇಜು. ಜಾಫರ್ ಒಳ್ಳೆಯ ಮೆಕ್ಯಾನಿಕ್ಕು. ಅವನ ಒಂದೇ ದೋಷವೆಂದರೆ ನಿಜ ಹೇಳಿಬಿಡುತ್ತಾನೆ.

"ಅಣ್ಣ, ಈ ಎಂಜಿನ್ ಬಂಗಾರ. ಕಾರ್ಬುರೇಟರ್ ತೊಳೆದು ಪ್ಲಗ್ ಹಾಕಿದ್ರೆ ಇನ್ನೂ ಹತ್ ವರ್ಷ ಓಡತ್ತೆ. ಅರ್ಧ ದಿನದ ಕೆಲ್ಸ."

"ಜಾಫರ್, ನಾನು ಶಪಥ ಮಾಡಿದೀನಿ."

ಜಾಫರ್ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. "ಶಪಥ ರಿಪೇರಿ ನಂಗೆ ಬರಲ್ಲ ಅಣ್ಣ. ಎಂಜಿನ್ ನೋಡೋಣ ಬನ್ನಿ."

ಎಲ್ಲೋ ಮಗುಚಿಕೊಂಡ ದೊಡ್ಡ ಗಾಡಿಯೊಂದರ ಡೀಸೆಲ್ ಎಂಜಿನ್ನು ಮೂಲೆಯಲ್ಲಿ ಟಾರ್ಪಾಲು ಹೊದ್ದು ಕೂತಿತ್ತು. ಟರ್ಬೋ ಬೇರೆ. ನೂರೈದು ಕುದುರೆಯ ಬಲ. ನೂರೈದು! ಮುನಿಶಾಮಪ್ಪನವರು ಅಷ್ಟೂ ಕುದುರೆಗಳು ಸಾಲಾಗಿ ನಾಗಭೂಷಣನ ಕಾರನ್ನು ದಾಟಿ ಹೋಗುವುದನ್ನು ನಿಂತಲ್ಲೇ ನೋಡಿದರು.

ಮುಂದಿನ ಮೂರು ವಾರ ಅವರು ದಿನಾ ಬಸ್ಸು ಹತ್ತಿ ಗ್ಯಾರೇಜಿಗೆ ಹೋದರು. ಹಳೆಯ ಎಂಜಿನ್ನನ್ನು ಸರಪಳಿ ಕಟ್ಟಿ ಮೇಲೆತ್ತಿದಾಗ ಚಪ್ಪಲಿ ಬಿಟ್ಟು ನಿಂತರು. ಅದನ್ನು ಮೂಲೆಗಿಟ್ಟು ಗೋಣಿಚೀಲ ಹೊದಿಸಿದಾಗ ಯಾಕೋ ಆ ಕಡೆ ನೋಡಲಿಲ್ಲ. ಹೊಸ ಎಂಜಿನ್ನು ಉದ್ದ. ಹಳೇ ಮನೆಗೆ ಶ್ರೀಮಂತರ ಮನೆಯ ಸೊಸೆ ಬಂದ ಹಾಗೆ ಅದಕ್ಕಾಗಿ ಎಲ್ಲರೂ ಸರಿದುಕೊಳ್ಳಬೇಕಾಯಿತು. ರೇಡಿಯೇಟರು ಮುಂದೆ ಹೋಯಿತು, ಗೇರುಬಾಕ್ಸು ಹಿಂದೆ ಹೋಯಿತು.

ದೀಪಕ್ಕೆ ಎರಡು ದಿನ ಇರುವಾಗ ಜಾಫರ್ ತಲೆ ಕೆರೆದುಕೊಂಡ.

"ಅಣ್ಣ, ಎಲ್ಲ ಆಯ್ತು. ಆ ಸಣ್ಣ ಲಿವರ್ ಒಂದು ಬಾಕಿ. ಅದೇ, ಎಳೆದ್ರೆ ಗಾಡಿ ಮನುಷ್ಯ ನಡೆದಷ್ಟೇ ನಿಧಾನ ಹೋಗತ್ತಲ್ಲ, ಆ ಗೇರು. ಹೊಸ ಬಾಕ್ಸ್‌ಗೆ ಅದು ಕೂರ್ತಿಲ್ಲ. ಹತ್ತು ದಿನ ಕೊಡಿ."

"ನಿಧಾನ ಓಗೋ ಗೇರು ಯಾರಿಗ್ ಬೇಕಯ್ಯ? ಮೂವತ್ತೆಂಟು ವರ್ಷ ನಿಧಾನವಾಗೇ ಓಗಿ ಸಾಕಾಗೈತೆ. ಬಿಟ್ಬಿಡು."

ಜಾಫರ್ ಮೀಸೆ ನೋಡಿ ಲಿವರನ್ನು ಬದಿಗಿಟ್ಟ. ಮಾರನೆಯ ದಿನ ಟೋಯಿಂಗ್ ಗಾಡಿಯ ಮೇಲೆ ಜೀಪನ್ನು ತಂದು ಚಿಕ್ಕಜಾಲದ ಮನೆಯ ಅಂಗಳದಲ್ಲಿ ಇಳಿಸಿದ. "ಆರ್‌ಟಿಓ ಕಾಗದ ಬರೋವರ್ಗೂ ಹೈವೇಗೆ ಇಳಿಸ್ಬೇಡಿ. ಮತ್ತೆ ಅಣ್ಣ, ಕಾಲು ಮೆತ್ತಗಿಡಿ. ಹೂವಿನ ಮೇಲೆ ಇಟ್ಟಂಗೆ," ಎಂದು ಹೇಳಿ ಹೋದ.

ಕಾಲು! ಆ ಕಾಲಿನ ಕಥೆಯನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಹಳೆಯ ಎಂಜಿನ್ನಿಗೆ ಕಿವಿ ಮಂದ. ಅಕ್ಸಿಲರೇಟರನ್ನು ಮೂರು ಸಲ ತಳಕ್ಕೆ ಒದ್ದು, ನಾಲ್ಕನೆಯ ಸಲ ಒತ್ತಿ ಹಿಡಿದರೆ ಮಾತ್ರ ಅದಕ್ಕೆ ಯಾರೋ ಕರೆಯುತ್ತಿದ್ದಾರೆಂದು ಗೊತ್ತಾಗುತ್ತಿತ್ತು. ಮುನಿಶಾಮಪ್ಪನವರ ಬಲಗಾಲು ನಲವತ್ತು ವರ್ಷದಿಂದ ಅದನ್ನೇ ಕಲಿತ ಕಾಲು.

ಲಕ್ಕಮ್ಮನವರು ಆರತಿ ಎತ್ತಿದರು. ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು ಇಟ್ಟರು. ಮುನಿಶಾಮಪ್ಪನವರು ಪೇಟ ಸರಿಮಾಡಿಕೊಂಡು ಕೂತು, ಗೇರು ಹಾಕಿ, ಹೂವನ್ನು ನೆನೆದರು. ಕಾಲು ಹಳೆಯದನ್ನು ನೆನೆಯಿತು.

ನಿಂಬೆಹಣ್ಣುಗಳಿಗೆ ತಾವು ಒಡೆದದ್ದೇ ಗೊತ್ತಾಗಲಿಲ್ಲ. ಜೀಪು ಅಂಗಳ ದಾಟಿತು, ಬಚ್ಚಲ ಕಟ್ಟೆ ದಾಟಿತು, ಹಿತ್ತಲ ಹೀರೇಕಾಯಿ ಚಪ್ಪರದ ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆಯಿಂದ ಚಪ್ಪರದ ಸಮೇತ ಹೊರಬಂದು, ತಿಪ್ಪೆಗೆ ಮೂತಿಯಿಟ್ಟು ನಿಂತಿತು. ಲಕ್ಕಮ್ಮನವರು ಆರತಿ ತಟ್ಟೆ ಹಿಡಿದೇ ಓಡಿ ಬಂದರು. ಕೊರಳಲ್ಲಿ ಬಳ್ಳಿ, ತೊಡೆಯ ಮೇಲೆ ಏಳೆಂಟು ಹೀರೇಕಾಯಿ ಇಟ್ಟುಕೊಂಡು ಮುನಿಶಾಮಪ್ಪನವರು ನೇರವಾಗಿ ಕೂತಿದ್ದರು.

"ನೋಡ್ದಾ," ಎಂದರು, ಕಿವಿಯಿಂದ ಒಂದು ಹೂವು ತೆಗೆಯುತ್ತಾ. "ಕೆಮ್ಮೋ ಮಾತೇ ಇಲ್ಲ."

ಲಕ್ಕಮ್ಮನವರು ಗಂಡನಿಗೆ ಪೆಟ್ಟಾಗಿಲ್ಲವೆಂದು ನೋಡಿಕೊಂಡು, ತೊಡೆಯ ಮೇಲಿನ ಹೀರೇಕಾಯಿಗಳನ್ನು ಸೆರಗಿಗೆ ತುಂಬಿಕೊಂಡರು. "ಇನ್ನೂ ನಾಲ್ಕು ದಿನ ಬಿಟ್ಟು ಕೀಳೋಣ ಅಂತಿದ್ದೆ," ಎಂದಷ್ಟೇ ಹೇಳಿ ಒಳಗೆ ಹೋದರು.

ಮಂಗಳವಾರ ಬಂತು. ಮಧ್ಯಾಹ್ನ ಮೂರಕ್ಕೆ ಲಕ್ಕಮ್ಮನವರು ಹೊಸ ಸೀರೆಯುಟ್ಟು, ತಟ್ಟೆಯಲ್ಲಿ ತಂಬಿಟ್ಟಿನ ಗೋಪುರ ಇಟ್ಟು, ದೇವರ ಮನೆಯ ದೀಪದಿಂದ ಬತ್ತಿ ಹಚ್ಚಿಕೊಂಡು, ಜೀಪಿನ ಮುಂದಿನ ಸೀಟಿನಲ್ಲಿ ತಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಮುನಿಶಾಮಪ್ಪನವರು ಈ ಸಲ ಬಲಗಾಲಿನ ಚಪ್ಪಲಿ ಬಿಚ್ಚಿಟ್ಟು ಹೆಬ್ಬೆರಳ ತುದಿ ಮಾತ್ರ ತಾಗಿಸಿದರು. ಕೈ ತಾನಾಗಿ ಸಣ್ಣ ಲಿವರಿಗೆ ಹೋಯಿತು. ಅಲ್ಲಿ ಲಿವರಿರಲಿಲ್ಲ, ಹಳೇ ಬಟ್ಟೆ ತುರುಕಿದ ಒಂದು ತೂತಿತ್ತು.

ಆಗ ಅವರಿಗೆ ಏನೋ ಹೊಳೆಯಿತು. ಹೊಳೆಯುವಷ್ಟರಲ್ಲಿ ಜೀಪು ಹೊರಟಿತ್ತು.

ನೂರೈದು ಕುದುರೆಗಳಿಗೆ ನಡೆಯುವುದು ಗೊತ್ತಿರಲಿಲ್ಲ. ಮೊದಲನೇ ಗೇರಿನಲ್ಲಿ, ಕಾಲೇ ಇಡದಿದ್ದರೂ, ಅವು ಓಡುತ್ತಿದ್ದವು. ಗೇಟು ದಾಟುವ ಮೊದಲೇ ದೀಪ ಆರಿತು.

ವಾಪಸ್ಸು. ಮತ್ತೆ ಹಚ್ಚಿದರು. ಎರಡನೆಯ ಸಲ ಮುನಿಶಾಮಪ್ಪನವರು ಅರ್ಧ ಕ್ಲಚ್ಚಿನಲ್ಲಿ ಹಿಡಿದು ಕೆರೆಯ ಏರಿಯವರೆಗೆ ಹೋದರು. ಅಲ್ಲಿ ಸುಟ್ಟ ವಾಸನೆ ಬಂತು. ತಂಬಿಟ್ಟಾ ಎಂದು ಲಕ್ಕಮ್ಮನವರು ಮೂಸಿದರು, ಕ್ಲಚ್ಚು. ಗಾಬರಿಯಲ್ಲಿ ಮುನಿಶಾಮಪ್ಪನವರು ಕಾಲು ಎತ್ತಿದರು, ಜೀಪು ನೆಗೆಯಿತು, ದೀಪ ಆರಿತು, ಗೋಪುರದ ನೆತ್ತಿಯಲ್ಲಿ ಒಂದು ಬಿರುಕೂ ಬಿಟ್ಟಿತು.

ವಾಪಸ್ಸು. ಲಕ್ಕಮ್ಮನವರು ತುಪ್ಪದ ಕೈಯಲ್ಲಿ ಬಿರುಕು ಸವರಿದರು. ಮುನಿಶಾಮಪ್ಪನವರು ಒಳಗೆ ಹೋಗಿ ಸ್ಕೂಟರಿನ ಹೆಲ್ಮೆಟ್ಟು ತಂದರು.

"ಇದ್ಯಾಕೆ?"

"ದೀಪದ ಮೇಲೆ ಮುಚ್ಕೊ. ಗಾಳಿ ಬಡಿಯಲ್ಲ. ಮುಂದ್ಗಡೆ ಗಾಜೈತೆ, ದೀಪ ಕಾಣ್ತದೆ."

"ಸಪ್ಪಲಮ್ಮನ ದೀಪಕ್ಕೆ ಎಲ್ಮೆಟ್ಟಾ?"

"ಇನ್ನೇನ್ ಮಾಡ್ಲಿ ಲಕ್ಕೂ, ನೀನೇ ಏಳು."

ಆ ದನಿ ಕೇಳಿ ಲಕ್ಕಮ್ಮನವರು ದೀಪದ ಮೇಲೆ ಹೆಲ್ಮೆಟ್ಟು ಮುಚ್ಚಿಕೊಂಡರು. ಈ ಸಲ ದೀಪ ಗೇಟಿನ ತನಕ ಹೋಯಿತು. ಆಮೇಲೆ ಹೆಲ್ಮೆಟ್ಟಿನ ಒಳಗಿನ ಸ್ಪಂಜು ಹೊಗೆಯಾಡಿತು, ಹೊಗೆಗೆ ದೀಪ ಉಸಿರುಕಟ್ಟಿ ಆರಿತು.

ಸೂರ್ಯ ಎರಡು ತೆಂಗಿನ ಮರದಷ್ಟು ಎತ್ತರಕ್ಕೆ ಇಳಿದಿದ್ದ. ಅಷ್ಟರಲ್ಲಿ ಬಿಳಿ ಕಾರು ಬಂದು ನಿಂತಿತು. ನಾಗಭೂಷಣ ಇಳಿದ. ಅವನು ಇವತ್ತು ನಗುತ್ತಿರಲಿಲ್ಲ.

"ಭಾವ, ಅಮ್ಮ ಬೆಳಿಗ್ಗೆಯಿಂದ ಕಾಫಿ ಕುಡಿದಿಲ್ಲ. ಎಲ್ರನ್ನೂ ಬೈತಿದಾರೆ. ನಾನು ಹುಟ್ಟಿದ್ದೇ ತಪ್ಪು ಅಂತ ಈಗ ತಾನೇ ಹೇಳಿದ್ರು."

ಮುನಿಶಾಮಪ್ಪನವರು ಒಂದು ಸಲ ಜೀಪನ್ನು ನೋಡಿದರು, ಒಂದು ಸಲ ಇಳಿಯುವ ಹೊತ್ತನ್ನು ನೋಡಿದರು. ಆಮೇಲೆ ತಾವೇ ಹೋಗಿ ಬಾಮೈದನ ಕಾರಿನ ಬಾಗಿಲು ತೆರೆದು ಹಿಡಿದರು.

"ಓಗು ಲಕ್ಕೂ. ಯಾರ್ ಗಾಡಿಯಾದ್ರೇನು. ದೀಪ ಮುಟ್ಟಿದ್ರೆ ಸಾಕು."

ಲಕ್ಕಮ್ಮನವರು ನಾಲ್ಕನೆಯ ಸಲ ದೀಪ ಹಚ್ಚಿಕೊಂಡು ಹೋದರು. ಮುನಿಶಾಮಪ್ಪನವರು ಜಗುಲಿಯ ಮೇಲೆ ಕೂತರು. ಮೂವತ್ತೆಂಟು ವರ್ಷದಲ್ಲಿ ಈ ದಿನ ಈ ಹೊತ್ತಿಗೆ ಅವರು ಜಗುಲಿಯ ಮೇಲೆ ಕೂತದ್ದೇ ಇಲ್ಲ. ಕಾಲನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಐದು ನಿಮಿಷಕ್ಕೆ ಬಿಳಿ ಕಾರು ವಾಪಸ್ಸು ಬಂತು. ಲಕ್ಕಮ್ಮನವರು ಆರಿದ ದೀಪದ ತಟ್ಟೆ ಹಿಡಿದು ಇಳಿದರು.

"ಅದೇನ್ ಗಾಡಿನೋ ಕಾಣೆ. ಕೂತಾಗ್ಲಿಂದ ನನ್ನ ಬೈತಾನೇ ಇತ್ತು."

ವಿಷಯ ಇಷ್ಟೇ. ತೊಡೆಯ ಮೇಲೆ ತಟ್ಟೆ ಇದ್ದದ್ದರಿಂದ ಲಕ್ಕಮ್ಮನವರು ಬೆಲ್ಟು ಹಾಕಿರಲಿಲ್ಲ. ಕಾರು ಕುಯ್ಯೋ ಎನ್ನತೊಡಗಿತು. ನಾಗಭೂಷಣ ಸ್ಟೇರಿಂಗು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಬೆಲ್ಟು ಎಳೆಯಲು ಹೋದ, ರಸ್ತೆಯ ಹಂಪು ಕಾಣಲಿಲ್ಲ. ದೀಪ ಆರಿತು, ಕರಗಿದ ತುಪ್ಪವೆಲ್ಲ ಕೆನೆ ಬಣ್ಣದ ಸೀಟಿಗೆ ಅಭಿಷೇಕವಾಯಿತು. ದೇವರ ಕೆಲಸ ಕೆಟ್ಟಾಗ ಸಂತೋಷಪಡುವುದು ತಪ್ಪೆಂದು ಮುನಿಶಾಮಪ್ಪನವರಿಗೆ ಗೊತ್ತಿತ್ತು. ಆದ್ದರಿಂದ ಟವೆಲಿನಿಂದ ಮುಖ ಮುಚ್ಚಿಕೊಂಡರು.

"ಒರಗ್ಬಿಟ್ರೆ ಆಗಲ್ಲ, ಎದ್ದೇಳಿ," ಎಂದು ಲಕ್ಕಮ್ಮನವರು ಕಾಂಪೌಂಡಿನ ಹತ್ತಿರ ಹೋಗಿ ಪಕ್ಕದ ಮನೆಯ ಕಡೆಗೆ ಕೂಗಿದರು. "ಕಾಡಪ್ಪ, ಎತ್ತು ಇಡ್ಕೊಂಡ್ ಬಾರೋ."

ಕಾಡಪ್ಪನ ಹತ್ತಿರ ಒಂದು ಜೊತೆ ಹಳ್ಳಿಕಾರ್ ಎತ್ತುಗಳಿವೆ. ಗದ್ದೆ ಉಳಲು ಅಲ್ಲ, ಗದ್ದೆ ಈಗ ಲೇಔಟು. ಅಂದಕ್ಕೆ ಸಾಕಿದ್ದು. ಮನೆಯಲ್ಲಿ ಕಾಡಪ್ಪ ತಿನ್ನುವುದಕ್ಕಿಂತ ಅವು ತಿನ್ನುವುದೇ ರುಚಿಯಾಗಿರುತ್ತದೆ. ಗಾಡಿ ಮಾತ್ರ ಇಲ್ಲ. ಅದನ್ನು ಏರ್‌ಪೋರ್ಟ್ ಕಡೆಯ ಒಂದು ರೆಸಾರ್ಟಿನವರು ಕೊಂಡುಹೋಗಿ ಬಾಗಿಲಲ್ಲಿ ನಿಲ್ಲಿಸಿ ಹೂವಿನ ಕುಂಡ ಇಟ್ಟಿದ್ದಾರೆ. ಲಕ್ಕಮ್ಮನವರ ಮಂಡಿ ಮೂರು ಕಿಲೋಮೀಟರು ನಡೆಯುವುದಿಲ್ಲ. ಉಳಿದದ್ದು ಒಂದೇ ದಾರಿ.

"ಯಾವ್ದಕ್ ಕಟ್ಟನಕ್ಕ?" ಎಂದು ಎತ್ತು ಹಿಡಿದು ಬಂದ ಕಾಡಪ್ಪ ಕೇಳಿದ.

"ಜೀಪ್‌ಗೆ."

ಕಾಡಪ್ಪ ಜೀಪಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. "ಇದು ಎಷ್ಟು ಕುದ್ರೆ ಅಂದ್ರಣ್ಣ ಮೊನ್ನೆ?"

"ನೂರೈದು," ಎಂದರು ಮುನಿಶಾಮಪ್ಪನವರು ನೆಲ ನೋಡುತ್ತಾ.

"ಎಲ್ಲೋದ್ವು ಅಷ್ಟೂ?"

ಕಾಡಪ್ಪ ನೊಗ ಹೂಡಿ, ಜೀಪಿನ ಮುಂದಿನ ಕೊಕ್ಕೆಗೆ ಸರಪಳಿ ಬಿಗಿದ. ಲಕ್ಕಮ್ಮನವರು ಐದನೆಯ ಸಲ ದೀಪ ಹಚ್ಚಿಕೊಂಡು ಬಂದು ಕೂತು, ಜೀಪಿನ ಕೀ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡರು. "ನೀವು ಸ್ಟೇರಿಂಗ್ ಇಡ್ಕೊಳ್ಳಿ. ಇಳಿಜಾರು ಬಂದ್ರೆ ಬ್ರೇಕ್ ಒತ್ತಿ. ಅಷ್ಟೇ ನಿಮ್ ಕೆಲ್ಸ."

ಎತ್ತುಗಳ ಕೊರಳ ಗಂಟೆ ಅಲುಗಿತು. ಜೀಪು ಹೊರಟಿತು. ದೀಪ ನೆಟ್ಟಗೆ ನಿಂತು ಉರಿಯಿತು.

ಕೆರೆಯ ಏರಿ ಕಿರಿದು. ನಾಗಭೂಷಣನ ಬಿಳಿ ಕಾರು ದಾಟಲಾಗದೆ, ಎರಡೂ ಕಡೆಯ ದೀಪ ಮಿಣುಕಿಸುತ್ತಾ, ಜೀಪಿನ ಹಿಂದೆ ಅಡಿ ಅಡಿಯಾಗಿ ಬರುತ್ತಿತ್ತು. ಮುನಿಶಾಮಪ್ಪನವರು ಕನ್ನಡಿಯಲ್ಲಿ ನೋಡಿದರು. ಬಾಮೈದ ಹಿಂದೆ, ತಾವು ಮುಂದೆ. ಶಪಥದ ಆ ಭಾಗವೂ ಅಕ್ಷರಶಃ ನಡೆದಿತ್ತು.

"ಲಕ್ಕೂ," ಎಂದರು ಸ್ವಲ್ಪ ದೂರ ಹೋದ ಮೇಲೆ. "ಇಷ್ಟು ವರ್ಷ ದೀಪ ಆರ್ದೆ ಇದ್ದಿದ್ದು ನನ್ ಡ್ರೈವಿಂಗಿಂದ ಅಲ್ಲ ಕಣೆ. ಆ ಸಣ್ಣ ಲಿವರಿಂದ."

"ನಂಗೊತ್ತು."

"ಯಾವಾಗ್ಲಿಂದ?"

"ಮೊದಲ್ನೇ ವರ್ಷದಿಂದ. ಅದನ್ನ ಎಳೆಯೋವಾಗೆಲ್ಲ ನಿಮ್ ಕೈ ನನ್ ಮಂಡಿಗೆ ತಾಕ್ತಿತ್ತಲ್ಲ."

ಮುನಿಶಾಮಪ್ಪನವರು ಸ್ಟೇರಿಂಗು ಗಟ್ಟಿಯಾಗಿ ಹಿಡಿದುಕೊಂಡರು, ಎತ್ತುಗಳು ತಪ್ಪಿಸಿಕೊಂಡು ಓಡಿಹೋಗುತ್ತವೇನೋ ಎನ್ನುವ ಹಾಗೆ. "ಮತ್ತೆ ಒಂದಿನಾನೂ ಏಳ್ಲಿಲ್ವಲ್ಲ."

"ಆ ಎಂಜಿನ್ ಸದ್ದಲ್ಲಿ ಏಳಿದ್ರೆ ಕೇಳಿಸ್ತಿತ್ತಾ? ಮೂವತ್ತೆಂಟು ವರ್ಷದಲ್ಲಿ ನಾವು ಈ ದಾರೀಲಿ ಮಾತಾಡ್ತಿರೋದು ಇವತ್ತೇ."

ಆಮೇಲೆ ಇಬ್ಬರೂ ಬಹಳ ಮಾತಾಡಿದರು. ನಾಮಕರಣದ ಮಗುವಿನ ಮೂಗಿನಿಂದ ಹಿಡಿದು, ಹೀರೇಕಾಯಿ ಚಪ್ಪರಕ್ಕೆ ಈ ಸಲ ಕಲ್ಲಿನ ಕಂಬ ಹಾಕಬೇಕೆನ್ನುವವರೆಗೆ. ಮೇಲೆ ಒಂದಾದ ಮೇಲೊಂದು ವಿಮಾನ ಹೋದವು. ಅವಕ್ಕೆಲ್ಲ ಏನು ಅವಸರವೋ.

ಗುಡಿಯ ಮುಂದೆ ಕಲ್ಲು ಹಾಸಿದ ಸಣ್ಣ ಇಳಿಜಾರು. ಎತ್ತಿನ ಗೊರಸು ಜಾರುತ್ತದೆಂದು ಕಾಡಪ್ಪ ತಿರುವಿನಲ್ಲೇ ಸರಪಳಿ ಬಿಚ್ಚಿದ. ಜೀಪು ತಾನಾಗಿ ಮೆಲ್ಲಗೆ ಉರುಳಿ, ಸೂರ್ಯನ ಕೊನೆಯ ಅಂಚು ಇನ್ನೂ ಇರುವಾಗ, ಸಪ್ಪಲಮ್ಮನ ಬಾಗಿಲಲ್ಲಿ ನಿಂತಿತು. ಲಕ್ಕಮ್ಮನವರು ದೀಪ ಒಪ್ಪಿಸಿದರು. ದ್ರೌಪದಮ್ಮನವರಿಗೆ ಕಾಫಿ ಬಂತು. ಊರೇ ಉಸಿರುಬಿಟ್ಟಿತು.

ದ್ರೌಪದಮ್ಮನವರ ಕಣ್ಣು ಮಂಜು, ಕಿವಿ ಚುರುಕು. ಎರಡನೆಯ ಲೋಟ ಕಾಫಿ ಕುಡಿದ ಮೇಲೆ ಅವರು ಜೀಪಿನ ಬಾನೆಟ್ಟು ಸವರಿದರು.

"ಅಳಿಯಂದ್ರೆ, ಎಂಜಿನ್ ಅಂದ್ರೆ ಇದು ಎಂ‌ಜಿನ್ನು. ಹಳೇದು ಬಂದ್ರೆ ಅರ್ಧ ಮೈಲಿಯಿಂದ್ಲೇ ನನ್ ಎದೆ ಅದರ್ತಿತ್ತು. ಇದು ಬಂದಿದ್ದೇ ಗೊತ್ತಾಗ್ಲಿಲ್ಲ. ಸದ್ದಿಲ್ಲ, ಒಗೆ ಇಲ್ಲ, ಬಾನೆಟ್ಟು ಬಿಸಿ ಕೂಡ ಆಗಿಲ್ಲ. ನಾನಿರೋಗಂಟ ಇದನ್ನ ಬದ್ಲಾಯಿಸ್ಬೇಡಿ."

ನಾಗಭೂಷಣ ಬಾಯಿ ತೆರೆದ. ಲಕ್ಕಮ್ಮನವರು ತೆರೆದ ಬಾಯಿಗೆ ಒಂದು ಉಂಡೆ ತಂಬಿಟ್ಟು ಇಟ್ಟರು.

"ಔದಮ್ಮ," ಎಂದರು. "ಡೀಸೆಲ್ಲೂ ಕುಡಿಯಲ್ಲ."

ದ್ರೌಪದಮ್ಮನವರಿಗೆ ಸಂತೋಷವಾಗಿ, ಇಂಥ ಅಳಿಯ ಇನ್ನೊಬ್ಬನಿಲ್ಲ ಎಂದು ಸುತ್ತಲಿದ್ದವರಿಗೆಲ್ಲ ಹೇಳತೊಡಗಿದರು. ಮುನಿಶಾಮಪ್ಪನವರ ಮೀಸೆ, ಒಂದು ತಿಂಗಳಾದ ಮೇಲೆ, ತುದಿಯಲ್ಲಿ ಸ್ವಲ್ಪ ಮೇಲೇಳಲು ನೋಡಿತು.

ಆಗ ತಿರುವಿನ ಕಡೆಯಿಂದ ಕಾಡಪ್ಪ ಕೂಗಿದ.

"ಅಣ್ಣೋ, ನಿಮ್ ಎಂಜಿನ್‌ಗೆ ಎರಡು ಕಂತೆ ಉಲ್ಲು ಬೇಕಾಗಿತ್ತು!"

ಮುನಿಶಾಮಪ್ಪನವರು ಪೇಟ ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟು, ಅತ್ತೆಯ ಹಿತ್ತಲಿಗೆ ಹುಲ್ಲು ತರಲು ಹೋದರು.